ಬೆಟ್ಟ ಬಿಟ್ಟು ದಾರಿ ನೋಡಿದವರು

ಸೋನಮಾರ್ಗ್ ದಾಟಿ ಜೀಪು ಜೋಜಿಲಾ ಘಾಟಿ ಹತ್ತತೊಡಗಿತು. ನಾನು ಕಿಟಕಿಗೆ ಮುಖ ಅಂಟಿಸಿ ಕೂತೆ. ಎಷ್ಟೋ ಕೆಳಗೆ ಸಿಂಧ್ ಹೊಳೆ, ಯಾರೋ ಒಣಹಾಕಿ ಮರೆತ ಪಂಚೆಯ ಹಾಗೆ. ಮೇಲೆ ಜೂನ್‌ನಲ್ಲೂ ಕರಗದ ಹಿಮ. ಅರಸೀಕೆರೆ ಕಡೆಯ ಬಯಲಲ್ಲಿ ಬೆಳೆದ ನನಗೆ ಬೆಟ್ಟವೆಂದರೆ ಮಾಲೇಕಲ್ಲು ತಿರುಪತಿ. ಇದಕ್ಕೆ ಬೇರೆ ಹೆಸರೇ ಇರಬೇಕಿತ್ತು.

"ಬೆಟ್ಟ ಬಿಡೋ, ಅದು ದೇವರು ಮಾಡಿದ್ದು. ದಾರಿ ನೋಡು," ಅಂದರು ಮಾವ.

ನನ್ನ ಸೋದರಮಾವ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಎಂಇಜಿ ಎಂದೂ ಕರೆಯುವ ಆ ಪಡೆಯ ಸೆಂಟರು ಬೆಂಗಳೂರಿನ ಹಲಸೂರು ಕೆರೆಯ ಬಳಿ. ಸೇತುವೆ ಕಟ್ಟುವುದು, ನೆಲಬಾಂಬು ಕೀಳುವುದು, ಬಂಡೆ ಸಿಡಿಸಿ ದಾರಿ ಮಾಡುವುದು ಸ್ಯಾಪರನ ಕಸುಬು. ಮದುವೆಮನೆಗೆ ಹೋದರೂ ಮೊದಲು ಚಪ್ಪರದ ಗೂಟ ಅಲ್ಲಾಡಿಸಿ ನೋಡುವ ಆಸಾಮಿ!

ದಾರಿ ನೋಡಿದೆ. ಒಂದು ಲಾರಿ ಬಂದರೆ ಇನ್ನೊಂದು ಉಸಿರು ಬಿಗಿಹಿಡಿದು ನಿಲ್ಲಬೇಕು. 1948ರಲ್ಲಿ ಇಲ್ಲಿದ್ದದ್ದು ಹೇಸರಗತ್ತೆಗಳ ಕಾಲುದಾರಿ. ಘಾಟಿ ಪಾಕಿಸ್ತಾನದ ಪಡೆಗಳ ಕೈಯಲ್ಲಿತ್ತು, ಆಚೆಗೆ ಲೇಹ್ ಒಂಟಿಯಾಗಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಏರಿಹೋಗಿ ಮದ್ದುಗುಂಡಿಗೆ ಸಿಕ್ಕು ಹಿಂದಿರುಗಿದ್ದರು. ಆಗ ಮಡಿಕೇರಿಯ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ ಟ್ಯಾಂಕು ಹತ್ತಿಸುವ ಮಾತೆತ್ತಿದರು. ಹನ್ನೊಂದು ಸಾವಿರ ಅಡಿ ದಾಟಿದ ಎತ್ತರಕ್ಕೆ ಟ್ಯಾಂಕು!

7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಮೇಲಿನ ಗೋಪುರ ಕಳಚಿಕೊಂಡು, ಗುರುತು ಸಿಗದಂತೆ ಜಮ್ಮುವಿನಿಂದ ಶ್ರೀನಗರದ ಮೂಲಕ ಘಾಟಿಯ ಬುಡದ ಬಾಲ್ತಾಲ್‌ಗೆ ಬಂದವು. ಬಾಲ್ತಾಲ್‌ನಿಂದ ಮೇಲಕ್ಕೆ ಕಾಲುದಾರಿಯನ್ನು ಟ್ಯಾಂಕಿನ ಅಗಲಕ್ಕೆ ಕಡಿದದ್ದು ಮೇಜರ್ ತಂಗರಾಜು ಅವರ ಮದ್ರಾಸ್ ಸ್ಯಾಪರ್ಸ್. ಕಾವೇರಿಯ ಬಿಸಿಲಿಗೆ ಒಗ್ಗಿದ ಮೈಗಳು, ಹಿಮದಲ್ಲಿ ಬಂಡೆಗೆ ಮದ್ದು ತುಂಬುತ್ತಿದ್ದವು. ನವೆಂಬರ್ 1ರಂದು ಟ್ಯಾಂಕುಗಳು ಘಾಟಿ ಹತ್ತಿದವು. ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಮೇಲಿದ್ದವರು ಕಕ್ಕಾಬಿಕ್ಕಿಯಾಗಿ ಬಂಕರು ಬಿಟ್ಟು ಓಡಿದರು. ಅದೇ ತಿಂಗಳು ಲೇಹ್‌ನ ದಾರಿ ತೆರೆಯಿತು. ಮಡಿಕೇರಿಯ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ದಾರಿ ಕಡಿದ ಜವಾನರ ಮ್ಯೂಸಿಯಂ ಯಾವುದು ಎಂದರೆ, ನಮ್ಮ ಜೀಪಿನ ಚಕ್ರದಡಿ ಇದ್ದದ್ದೇ ಎನ್ನಬೇಕು.

ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕ ಘಾಟಿಯಾಚೆ, ಹೆದ್ದಾರಿಗೆ ಅಂಟಿಕೊಂಡೇ ಇದೆ. ಬೆನ್ನಿಗೆ ತೊಲೊಲಿಂಗ್, ಹುಲ್ಲಿಲ್ಲದ ಕಂದು ಗುಡ್ಡ. ಅದರ ಮೇಲೆ ಕೂತವನಿಗೆ ಕೆಳಗಿನ ಒಂದೊಂದು ಲಾರಿಯೂ ಕಾಣುತ್ತದೆ. 1999ರಲ್ಲಿ ಪಾಕಿಸ್ತಾನದವರು ಅಲ್ಲಿಂದ ಹೇಳಿದ ಗುರುತಿಗೆ ಶೆಲ್ಲುಗಳು ಇದೇ ಟಾರಿನ ಮೇಲೆ ಬೀಳುತ್ತಿದ್ದವು. ಮರೆ ಎಂಬುದೇ ಇಲ್ಲದ ಆ ಇಳಿಜಾರನ್ನು ನಮ್ಮ ಜವಾನರು ಇರುಳಲ್ಲಿ ಹತ್ತಿ, ಜೂನ್ 13ರ ಹೊತ್ತಿಗೆ ಗೆದ್ದರು. ಓದಿ ಗೊತ್ತಿತ್ತು. ಬುಡದಲ್ಲಿ ನಿಂತು ಕತ್ತೆತ್ತಿದಾಗ ಮಾತ್ರ ಹೊಟ್ಟೆಯೊಳಗೆ ಏನೋ ಜಾರಿತು. ಬರಿಗೈಲಿ ನಡೆದರೂ ಇಪ್ಪತ್ತು ಹೆಜ್ಜೆಗೆ ಏದುಸಿರು ಬರುವ ಗಾಳಿ ಅದು.

ಗೋಡೆಯ ಮೇಲೆ ಸಾಲುಸಾಲು ಹೆಸರು, ಹೊನ್ನಿನ ಬಣ್ಣದ ಅಕ್ಷರ. ಜನ ಫೋಟೋ ತೆಗೆಯುತ್ತಿದ್ದರು. ಮಾವ ಹೆಸರು ಓದಲಿಲ್ಲ, ರೆಜಿಮೆಂಟುಗಳನ್ನು ಓದಿದರು. ಆಮೇಲೆ ಒಬ್ಬ ಎಳೆ ಜವಾನನನ್ನು ಮಾತಿಗೆಳೆದರು. ನಡಿಗೆ ನೋಡಿಯೇ ಆತನಿಗೆ ತಿಳಿದಿತ್ತೇನೋ, "ಸಾಬ್, ಎಂಇಜಿ?" ಅಂದ.

"ತಂಬಿ!" ಅಂದರು ಮಾವ, ತಮ್ಮ ಪಡೆಯ ಅಡ್ಡಹೆಸರು ಹೇಳಿ.

ಸ್ಟೀಲ್ ಲೋಟದಲ್ಲಿ ಚಹಾ ಬಂತು. ಇಬ್ಬರೂ ಯುದ್ಧದ ಸುದ್ದಿ ಮಾತಾಡಬಹುದು ಎಂದು ಕಿವಿ ಚಾಚಿ ಕೂತೆ. ಹುಡುಗನ ತಂದೆಯೂ ಫೌಜಿಯಂತೆ, ಸಕ್ಕರೆ ಕಾಯಿಲೆಯಂತೆ, ಇಸಿಎಚ್‌ಎಸ್ ಕಾರ್ಡೇ ಮಾಡಿಸಿಲ್ಲವಂತೆ. 2003ರಲ್ಲಿ ಮಾಜಿ ಸೈನಿಕರ ಆ ಚಿಕಿತ್ಸಾ ಯೋಜನೆ ಬರುವ ಮುಂಚೆ ಅತ್ತೆಯ ಮಂಡಿನೋವಿಗೆ ಮಾವ ಕೈಯಿಂದ ಎಷ್ಟು ಸುರಿದಿದ್ದರೋ, ಈಗ ನೆನಪಾಗಿ ಸಿಟ್ಟೇ ಬಂತು. ಪಿಂಚಣಿ ಪುಸ್ತಕದಲ್ಲಿ ತಾಯಿಯ ಹೆಸರು ಸರಿಯಾಗಿದೆಯಾ, ಹುಟ್ಟಿದ ತಾರೀಕು ಹೊಂದುತ್ತದಾ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಯಾವ ಯಾವ ಕಾಗದ ಒಯ್ಯಬೇಕು ಎಂದು ಮಾವ ತಮ್ಮ ಹರುಕು ಹಿಂದಿಯಲ್ಲಿ ಬೆರಳು ಮಡಚಿ ಮಡಚಿ ಹೇಳಿದರು.

ತೊಲೊಲಿಂಗ್ ಮೇಲೆ ಮೋಡ ಇಳಿಯುತ್ತಿತ್ತು. ಹುಡುಗ ಅಂಗೈ ಮೇಲೆಯೇ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದ.