ಕೆಲಸವಿಲ್ಲದೆ ನೀರಿಗಿಳಿದದ್ದು

ನಮ್ಮ ಕಡೆ ಕಾರಣವಿಲ್ಲದೆ ಯಾರೂ ನೀರಿಗಿಳಿಯುವುದಿಲ್ಲ. ಎಮ್ಮೆ ತೊಳೆಯುವುದಿರಬೇಕು, ಕೌದಿ ಒಗೆಯುವುದಿರಬೇಕು, ಅಮಾವಾಸ್ಯೆಯ ಸ್ನಾನವಿರಬೇಕು, ಗಣಪ್ಪನನ್ನು ಕಳಿಸುವುದಿರಬೇಕು, ಇಲ್ಲವೇ ಪಂಪಿನ ಪೈಪಿಗೆ ಸಿಕ್ಕ ಕಸ ತೆಗೆಯುವುದಾದರೂ ಇರಬೇಕು. ಇವುಗಳಲ್ಲಿ ಒಂದೂ ಇಲ್ಲದೆ ನಡುವಯಸ್ಸು ದಾಟಿದ ಗಂಡಸೊಬ್ಬ ಸುಮ್ಮನೆ ಕಾಗಿಣಾ ನದಿಯೊಳಗೆ ನಿಂತಿದ್ದರೆ ದಂಡೆಯ ಮೇಲಿನವರು ಮೊದಲು ಅವನ ಮನೆಗೆ ಫೋನು ಮಾಡುತ್ತಾರೆ, ಆಮೇಲೆ ಅವನನ್ನು ಮಾತಾಡಿಸುತ್ತಾರೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಇವೆಲ್ಲ ಕಲ್ಲಿನ ಊರುಗಳು. ಕಾಲ ಕೆಳಗೆ ಪರಸಿ, ಗೋಡೆಗೆ ಪರಸಿ, ಮಾಳಿಗೆಗೆ ಪರಸಿ, ಹೊಲದ ಬದುವಿನಲ್ಲಿ ನಿಲ್ಲಿಸಿದ್ದೂ ಪರಸಿಯೇ. ಮಿಕ್ಕಿದ್ದನ್ನು ಸುಟ್ಟು ಬೀಸಿ ಸಿಮೆಂಟು ಮಾಡುತ್ತೇವೆ. ಬೆಂಗಳೂರಿನವರಿಗೆ ನನ್ನ ಹುಟ್ಟೂರು ಶಹಾಬಾದಿನ ಹೆಸರು ಹೇಳಿದರೆ ತಮ್ಮ ಅಜ್ಜನ ಮನೆಯ ಅಡುಗೆಕೋಣೆಯ ನೆಲ ನೆನಪಾಗುತ್ತದೆ. ವಾಡಿ ಎಂದರೆ ರಾತ್ರಿ ರೈಲು ನಿಂತಾಗ ಕಿಟಕಿಯಲ್ಲಿ ಕಂಡ ಪ್ಲಾಟ್‌ಫಾರ್ಮು ಕಣ್ಣಿಗೆ ಬರುತ್ತದೆ. 1874ರಲ್ಲಿ ಸಿಕಂದರಾಬಾದಿನಿಂದ ನಿಜಾಮರ ರೈಲು ಬಂದು ಕೂಡಿದಾಗಿನಿಂದ ಆ ಊರಿಗೆ ಅದೇ ಗುರುತು. ನೀರಿನ ಸಂಗಡ ನಮ್ಮ ಹೆಸರನ್ನು ಜೋಡಿಸಿ ನೆನೆಯುವವರು ಯಾರೂ ಇಲ್ಲ. ಆದರೆ ಭೂಗರ್ಭ ಬಲ್ಲವರನ್ನು ಕೇಳಿದರೆ ಅವರು ನಗುತ್ತಾರೆ. ಈ ಸುಣ್ಣಕಲ್ಲು ಹುಟ್ಟಿದ್ದೇ ನೀರಿನಲ್ಲಿ. ಎಷ್ಟೋ ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲೊಂದರ ತಳದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ಕೂತು ಗಟ್ಟಿಯಾದದ್ದು ನಮ್ಮ ಪರಸಿ. ಅದಕ್ಕೇ ಚಾಣ ಇಟ್ಟು ಹೊಡೆದರೆ ಹಾಳೆ ಹಾಳೆಯಾಗಿ ಏಳುತ್ತದೆ. ಸಮುದ್ರದ ತಳದ ಮೇಲೆ ಸಂಸಾರ ಹೂಡಿಕೊಂಡು ನಾವು ಟ್ಯಾಂಕರಿಗೆ ಕಾಯುತ್ತೇವೆ.

ನನ್ನ ಚಿಕ್ಕಂದಿನಲ್ಲಿ ನೀರು ಇರಲಿಲ್ಲವೆಂದೇನೂ ಅಲ್ಲ. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆಗಾಲದ ನೀರು ತುಂಬಿ, ವೈಶಾಖದ ತನಕ ಹಸಿರಾಗಿ ಹೊಳೆಯುತ್ತ ನಿಲ್ಲುತ್ತಿತ್ತು. ಕೆರೆಗೆ ಇಳಿಜಾರು ಇರುತ್ತದೆ, ಬಾವಿಗೆ ಮೆಟ್ಟಿಲು ಇರುತ್ತವೆ, ಖಣಿಗೆ ಎರಡೂ ಇಲ್ಲ. ಯಂತ್ರ ಕೊಯ್ದು ಬಿಟ್ಟ ನೆಟ್ಟನೆಯ ಗೋಡೆ. ಹಾರಿದ ಹುಡುಗನಿಗೆ ಈಸು ಬಂದರೂ ಮೇಲೆ ಹತ್ತಲಿಕ್ಕೆ ಹಿಡಿಕೆ ಸಿಗದು. ಬೇಸಿಗೆ ರಜೆಯಲ್ಲಿ ಇಂಥ ಒಂದಾದರೂ ಸುದ್ದಿ ಪತ್ರಿಕೆಯ ಒಳಪುಟಕ್ಕೆ ಬರುತ್ತಿತ್ತು, ಈಗಲೂ ಬರುತ್ತದೆ. ನಮ್ಮವ್ವ ಖಣಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಲಟ್ಟಣಿಗೆ ತೋರಿಸುತ್ತಿದ್ದಳು. ಕಾಕಾ ನನ್ನನ್ನು ಹೊಲದ ಬಾವಿಗೆ ಒಯ್ದು, ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಮೇಲಿಂದ ನೂಕಿ ಈಸು ಕಲಿಸಿದ. ಅದೂ ಆಟವಲ್ಲ. ಸಾಯದಿರಲಿಕ್ಕೆ ಬೇಕಾದ ವಿದ್ಯೆ.

ನದಿಗಳಾದರೂ ಆಟಕ್ಕೆ ಕರೆಯುವಂಥವಲ್ಲ. ಏಪ್ರಿಲ್‌ನಲ್ಲಿ ಕಾಗಿಣಾ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತುಹೋಗಿರುತ್ತದೆ. ಅದೇ ನದಿ 2020ರ ಅಕ್ಟೋಬರ್‌ನಲ್ಲಿ ಭೀಮೆಯ ಜೊತೆ ಪೈಪೋಟಿಗಿಳಿದಂತೆ ಉಕ್ಕಿತು. ಮಳಖೇಡದ ಮತ್ತು ದಂಡೋತಿಯ ಸೇತುವೆ ಮುಳುಗಿತೇ ಎಂದು ಕೇಳಿಕೊಂಡೇ ಮನೆಯಿಂದ ಹೊರಡುವುದು ನಮಗೆ ಮಳೆಗಾಲದ ರೂಢಿ. ಒಂದೋ ಇಲ್ಲ, ಇಲ್ಲವೇ ಹೊಸ್ತಿಲ ಒಳಗೆ. ಇಂಥ ನೀರಿನ ಸಂಗಡ ಸಲಿಗೆ ಬೆಳೆಯುವುದಾದರೂ ಹೇಗೆ?

ಹೀಗಿರುವಾಗ ಅಕ್ಕನ ಮಗ ಉಟ್ರೆಕ್ಟ್‌ನಿಂದ ವಿಡಿಯೋ ಕಳಿಸಿದ. ನೆದರ್ಲೆಂಡ್ಸ್‌ನ ಆ ಊರಿನ ನಡುಮಧ್ಯದಲ್ಲಿ 12ನೇ ಶತಮಾನದಿಂದ ಒಂದು ಹಳೆಯ ಕಾಲುವೆ ಇದೆ. ಬೀದಿ ಮೇಲೆ, ಕಾಲುವೆ ಕೆಳಗೆ, ನೀರಿನ ಮಟ್ಟಕ್ಕೆ ಸರಿಯಾಗಿ ನೆಲಮಾಳಿಗೆಗಳ ಸಾಲು. ದೋಣಿಯಲ್ಲಿ ಬಂದ ಸರಕನ್ನು ಬೀದಿಗೆ ಹೊರದೆ ನೇರ ಗೋದಾಮಿಗೆ ಉರುಳಿಸಲಿಕ್ಕೆ ವ್ಯಾಪಾರಿಗಳು ಮಾಡಿಕೊಂಡ ಏರ್ಪಾಡು. ಇವತ್ತು ಆ ಗೋದಾಮುಗಳಲ್ಲಿ ಕಾಫಿ ಮಾರುತ್ತಾರೆ, ಸರಕಿನ ದೋಣಿ ಓಡಾಡುತ್ತಿದ್ದ ಕಡೆ ನಮ್ಮ ಹುಡುಗ ಕಿತ್ತಳೆ ಬಣ್ಣದ ಕಯಾಕಿನಲ್ಲಿ ಕೂತು ಸೇತುವೆಗಳ ಕಮಾನಿನಡಿ ತಲೆ ಬಗ್ಗಿಸಿ ಹೋಗುತ್ತಿದ್ದಾನೆ. “ಮಾಮಾ, ನೀವೂ ಒಮ್ಮಿ ಕಲೀರಿ, ಭಾಳ ಹಗುರ ಅದ” ಎಂದು ಕೊನೆಯಲ್ಲಿ ಒಂದು ಮಾತು. ಅಕ್ಕ ಅದನ್ನು ನೋಡಿ ಕೇಳಿದ್ದು ಒಂದೇ: “ಆ ಕಡಿಂದ ಏನ ತರ್ಲಾಕ ಹೋಗ್ಯಾನಿವ?”

ಅಕ್ಕನ ಪ್ರಶ್ನೆಯನ್ನು ತೀರ ಹಗುರಾಗಿ ತೆಗೆಯಬೇಕಿಲ್ಲ. ಕಯಾಕಿನ ಮೂಲವೂ ಕೆಲಸವೇ. ಉತ್ತರ ಧ್ರುವದ ಅಂಚಿನ ಇನ್ಯೂಟ್ ಜನ ತೇಲಿಬಂದ ಕಟ್ಟಿಗೆಯ, ತಿಮಿಂಗಿಲದ ಎಲುಬಿನ ಹಂದರಕ್ಕೆ ಸೀಲ್ ಚರ್ಮ ಹೊಲಿದು ಮಾಡಿದ ಬೇಟೆಯ ದೋಣಿ ಅದು. ಸದ್ದಿಲ್ಲದೆ ಸರಿಯಬೇಕೆಂದು ಅಷ್ಟು ಸಪೂರ. ನಮ್ಮ ಹರಿಗೋಲಿಗೂ ಹಂದರ, ಚರ್ಮ ಎರಡೂ ಇದ್ದವು: ಬಿದಿರಿನ ಬುಟ್ಟಿ, ಮೇಲೆ ತೊಗಲು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯೆಸ್, ಜನ ಇಂಥ ದುಂಡನೆಯ ಬುಟ್ಟಿಗಳಲ್ಲಿ ಹೊಳೆ ದಾಟುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ದಾಟುವುದಕ್ಕೆ ದುಂಡಗಿದ್ದರೆ ನಡೆಯುತ್ತದೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಸುತ್ತುತ್ತ ಹೋದರೂ ಆಚೆ ದಡ ತಪ್ಪುವುದಿಲ್ಲ. ಬೆನ್ನಟ್ಟಬೇಕಾದವನಿಗೆ ಮಾತ್ರ ಚೂಪು ಮೂತಿ ಬೇಕು.

ಆದರೂ ನಾವು ಯಾವತ್ತೂ ಹೀಗೇ ಇದ್ದೆವೇ ಎಂಬುದು ನನ್ನ ಅನುಮಾನ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಕಾಗಿಣೆಯ ದಂಡೆಯ ಮೇಲೆ ಕೋಟೆ ಈಗಲೂ ನಿಂತಿದೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಮೂರನೆಯ ಕೃಷ್ಣ ಇಲ್ಲಿ ಪೊನ್ನನಿಗೆ ಉಭಯಕವಿಚಕ್ರವರ್ತಿ ಬಿರುದು ಕೊಟ್ಟ. ಆ ಕಾಲದ ಕಾವ್ಯಶಾಸ್ತ್ರದ ಲೆಕ್ಕದಲ್ಲಿ ಮಹಾಕಾವ್ಯವೆಂದರೆ ಅಷ್ಟಾದಶ ವರ್ಣನೆ ಇರಬೇಕು, ಅವುಗಳಲ್ಲಿ ಜಲಕ್ರೀಡೆಯೂ ಒಂದು. ಸೂರ್ಯೋದಯ, ಯುದ್ಧ, ಮದುವೆಗಳ ಪಂಕ್ತಿಯಲ್ಲಿ ನೀರಾಟಕ್ಕೂ ಎಲೆ ಹಾಕಿದ್ದರು. ಅಂದರೆ ನೀರಿನಲ್ಲಿ ಸುಮ್ಮನೆ ಆಡುವುದು ಇದೇ ಊರಿನಲ್ಲಿ ಒಂದು ಕಾಲಕ್ಕೆ ಶಾಸ್ತ್ರಸಮ್ಮತ. 972ರಲ್ಲಿ ಪರಮಾರ ಸೀಯಕ ನಗರವನ್ನು ಸೂರೆ ಮಾಡಿದ. ಹೋದ ಸಾಮಾನುಗಳ ಪಟ್ಟಿಯಲ್ಲಿ ಜಲಕ್ರೀಡೆಯನ್ನೂ ಸೇರಿಸಬೇಕೆಂದು ನನ್ನ ವಾದ. ಇತಿಹಾಸದ ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ.

ಅದಕ್ಕೇ ಚಂದ್ರಂಪಳ್ಳಿ ಜಲಾಶಯದಲ್ಲಿ ವಾರಾಂತ್ಯಕ್ಕೆ ಕಯಾಕ್ ಕಲಿಸುತ್ತಾರೆಂದು ತಿಳಿದಾಗ ಹೆಸರು ಕೊಟ್ಟೆ. ಚಿಂಚೋಳಿ ದಾಟಿದ ಮೇಲೆ ನಮ್ಮ ಜಿಲ್ಲೆ ತನ್ನ ಗುಣವನ್ನೇ ಬಿಡುತ್ತದೆ. ಎರೆಮಣ್ಣು, ತೊಗರಿ, ಬೂದುಗಲ್ಲು ಮುಗಿದು ಕೆಂಪು ಜಂಬಿಟ್ಟಿಗೆಯ ಗುಡ್ಡ, ಗುಡ್ಡದ ಮೇಲೆ ಕಾಡು. ಮುಲ್ಲಾಮಾರಿ ನದಿ ಸೇರುವ ಹಳ್ಳವೊಂದಕ್ಕೆ ಗುಡ್ಡಗಳ ನಡುವೆ ಒಡ್ಡು ಹಾಕಿದ್ದಾರೆ. ಸುತ್ತಿನ ಸುಮಾರು 134 ಚದರ ಕಿಲೋಮೀಟರ್ ಕಾಡು 2011ರಿಂದ ವನ್ಯಜೀವಿಧಾಮ. ಕಲಬುರಗಿ ಜಿಲ್ಲೆಯಲ್ಲಿ ಕಾಡಿದೆ ಎಂದರೆ ಮೈಸೂರಿನ ಗೆಳೆಯರು ನಂಬುವುದಿಲ್ಲ. ಕಲಬುರಗಿಯಲ್ಲೇ ಎಷ್ಟೋ ಮಂದಿ ನಂಬುವುದಿಲ್ಲ.

ಕಲಿಸುವವನು ಹತ್ತಿರದ ತಾಂಡಾದ ಹುಡುಗ, ನನ್ನ ಮಗನಿಗಿಂತ ಚಿಕ್ಕವ. ನಮ್ಮ ತಂಡದಲ್ಲಿ ಕಾಲೇಜು ಹುಡುಗಿಯರು, ಸಿಮೆಂಟು ಕಂಪನಿಯ ಒಬ್ಬ ಇಂಜಿನಿಯರು, ಮೊಮ್ಮಗನನ್ನು ಕರೆತಂದು ತಾನೂ ನಿಂತ ಶಹಾಬಾದಿನ ಹಿರಿಯರೊಬ್ಬರು. ಅವರು ಇಡೀ ಆಯುಷ್ಯ ಖಣಿಯಲ್ಲಿ ಕಲ್ಲು ಎಬ್ಬಿಸಿದವರು, ಎಲ್ಲರಿಗೂ ಕಾಕಾ. ಲೈಫ್ ಜಾಕೆಟ್ ಬಿಗಿದು ದಂಡೆಯ ಮೇಲೇ ಪಾಠ ಶುರುವಾಯಿತು. ಹುಟ್ಟಿನ ಎರಡೂ ತುದಿಗೆ ಅಲಗು. ಹಿಡಿಯುವ ಕೈಗಳ ನಡುವೆ ಹೆಗಲಿಗಿಂತ ತುಸು ಹೆಚ್ಚು ಅಂತರ. ಕಾಲು ಮುಂದಿನ ಆನಿಕೆಗೆ ಒತ್ತಿರಬೇಕು, ಮೊಣಕಾಲು ಕೊಂಚ ಮಡಚಿರಬೇಕು, ಬೆನ್ನು ನೆಟ್ಟಗಿರಬೇಕು. ಆರಾಮ ಕುರ್ಚಿಯಂತೆ ಕಂಡರೂ ಅದರಲ್ಲಿ ಒರಗಿದವನಿಗೆ ಕಯಾಕು ಒಲಿಯುವುದಿಲ್ಲ.

ಮೊದಲು ಕಲಿಸಿದ್ದು ಬೀಳುವುದನ್ನು. ಸೊಂಟಮಟ್ಟದ ನೀರಿನಲ್ಲಿ ಬೇಕಂತಲೇ ದೋಣಿ ಮಗುಚಿ, ಮತ್ತೆ ಅದರ ಮೇಲೆ ಹೊಟ್ಟೆ ಹಾಕಿ, ಕಾಲು ಒದ್ದು, ಹೊರಳಿ ಕೂಡುವುದು. ಇದು ನನಗೆ ಹೊಸ ಶಿಕ್ಷಣ ಪದ್ಧತಿ. ನಮ್ಮ ಶಾಲೆಗಳಲ್ಲಿ ಬೀಳಬಾರದೆಂದು ಹೇಳಿಕೊಟ್ಟವರೇ ಎಲ್ಲ, ಬಿದ್ದ ಮೇಲೆ ಎತ್ತ ಕಡೆ ಹೊರಳಬೇಕೆಂದು ಒಬ್ಬರೂ ಹೇಳಲಿಲ್ಲ. ನೀರು ಮೇಲೆ ಬಿಸಿಲಿಗೆ ಬೆಚ್ಚಗಿತ್ತು, ಮೊಣಕಾಲಿನ ಕೆಳಗೆ ಬಾವಿಯಷ್ಟು ತಣ್ಣಗೆ. ಜಾಕೆಟ್ಟು ನನ್ನನ್ನು ಮುಳುಗಗೊಡಲಿಲ್ಲ. ಬುರುಡೆ ಕಟ್ಟಿದ ಕಾಕಾನ ಹಗ್ಗದ ಎಳೆತ ಮಾತ್ರ ಸೊಂಟದಲ್ಲಿ ಎಲ್ಲೋ ಇನ್ನೂ ಉಳಿದಿತ್ತು.

ಆಮೇಲೆ ಹುಟ್ಟು ಹಾಕುವುದು. ಇಂಜಿನಿಯರು ತೋಳಿನ ಬಲದಿಂದ ನೀರನ್ನು ಹೊಡೆದು ಹೊಡೆದು ಇದ್ದಲ್ಲೇ ಗಿರಗಿರ ತಿರುಗಿದರು. ನನ್ನದೂ ಹೆಚ್ಚುಕಡಿಮೆ ಅದೇ ಪ್ರದಕ್ಷಿಣೆ. “ಸರ್, ನೀರಿಗಿ ಹೊಡೀಬ್ಯಾಡ್ರಿ, ಅದೇನ್ ಮಾಡ್ಯಾದ ನಿಮಗ” ಎಂದ ಹುಡುಗ. “ಹುಟ್ಟು ಪಾದದ ಸಮೀಪ ನೀರಾಗ ನೆಡ್ರಿ. ಅದು ಅಲ್ಲೇ ಇರ್ಲಿ. ನಡ ತಿರುವಿ ದೋಣೀನ ಅದರ ಬಲ್ಯಾಕ ಒಯ್ರಿ. ಕೈ ದುಡೀಬಾರ್ದು, ಬೆನ್ನು ದುಡೀಬೇಕು.” ನಮಗ್ಯಾರಿಗೂ ತಿಳಿಯಲಿಲ್ಲ. ಕಾಕಾಗೆ ತಕ್ಷಣ ತಿಳಿಯಿತು. “ಹಾರಿ ಹಾಕ್ದಂಗೇ ಅದಲ್ಲೋ ತಮ್ಮಾ ಇದು! ಹಾರಿ ನಿಂದ್ರಿಸಿ ಮೈ ಭಾರ ಬಿಟ್ರ ಕಲ್ಲು ತಾನೇ ಏಳ್ತದ” ಎಂದು, ಎರಡು ಕಡೆಗೂ ಹದವಾಗಿ ಹಾರೆ ಹಾಕುತ್ತ, ನೀರಿನ ಮೇಲೆ ಸದ್ದೂ ಮಾಡದೆ ಹೊರಟೇ ಹೋದರು. ಕಾಲೇಜು ಹುಡುಗಿಯರು ಚಪ್ಪಾಳೆ ಹೊಡೆದರು. ಕಾಕಾಗೆ ಹಿಂದಿರುಗಿ ನೋಡುವ ಆಸೆ, ನೋಡಿದರೆ ದೋಣಿ ವಾಲುತ್ತದೆಂಬ ಬುದ್ಧಿ. ಮುಂದೆಯೇ ನೋಡುತ್ತ ಮೀಸೆ ತಿರುವಿಕೊಂಡರು.

ತಿರುಗಿಸುವುದು ಇನ್ನೊಂದು ವಿದ್ಯೆ. ಮೂತಿಯ ಬಳಿಯಿಂದ ಹಿಂದಿನ ತನಕ ಹುಟ್ಟಿನಿಂದ ನೀರಿನ ಮೇಲೆ ಅರ್ಧಚಂದ್ರ ಬರೆದರೆ ದೋಣಿ ಎದುರು ದಿಕ್ಕಿಗೆ ಹೊರಳುತ್ತದೆ. ನಿಲ್ಲಿಸಬೇಕಾದರೆ ಹಿಮ್ಮುಖವಾಗಿ ಚೂರು ಚೂರು ತಡೆಯಬೇಕು. ಕಣ್ಣು ಎಲ್ಲಿರುತ್ತದೋ ದೋಣಿ ಅಲ್ಲಿಗೇ ಹೋಗುತ್ತದೆ ಎಂದು ಹುಡುಗ ಎಚ್ಚರಿಸಿದ್ದ. ನೀರಿನಿಂದ ತಲೆ ಎತ್ತಿದ ಒಣ ಮರದ ಬೊಡ್ಡೆಯೊಂದನ್ನು ತಪ್ಪಿಸಬೇಕೆಂದು ಇಂಜಿನಿಯರು ಅದನ್ನೇ ನೋಡುತ್ತ ನೋಡುತ್ತ ಸೀದಾ ಹೋಗಿ ಅದಕ್ಕೇ ತಾಗಿದರು. ಜಲಾಶಯ ದೊಡ್ಡದು, ಬೊಡ್ಡೆ ಒಂದೇ ಇತ್ತು. ತಾಗಿದ ಕೂಡಲೇ ಎಲ್ಲರೂ ಮಾಡುವಂತೆ ಹಿಂದಕ್ಕೆ ವಾಲಿದರು, ವಾಲಿದ ಕಡೆಗೇ ಮಗುಚಿದರು. ಅಡ್ಡಿಯ ಕಡೆಗೇ ಬಾಗಿ ಅದನ್ನು ತಬ್ಬಿಕೊಳ್ಳಬೇಕಂತೆ. ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿಸಿಕೊಂಡವರಿಗೆ ಈ ತತ್ವ ಗೊತ್ತಿರಬೇಕಿತ್ತು.

ಊಟಕ್ಕೆ ಮುಂಚೆ ಅರ್ಧ ತಾಸು ನಮ್ಮನ್ನು ನಮ್ಮಷ್ಟಕ್ಕೆ ಬಿಟ್ಟರು. ನಡುನೀರಿಗೆ ಹೋಗಿ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೆ. ಗಾಳಿ ದೋಣಿಯ ಮೂತಿಯನ್ನು ತನಗೆ ಬೇಕಾದ ಕಡೆ ತಿರುಗಿಸಿಕೊಂಡಿತು. ದಂಡೆಯಿಂದ ಕಾಣುವ ಗುಡ್ಡ ಬೇರೆ, ನೀರಿನ ಮಟ್ಟದಲ್ಲಿ ಕೂತು ನೋಡಿದ ಗುಡ್ಡ ಬೇರೆ. ಕೂತದ್ದು ಹೆಚ್ಚುಕಡಿಮೆ ನೀರಿನ ಮೇಲ್ಮೈಗೆ ಸಮನಾಗಿ ಇರುವುದರಿಂದ ಜಗತ್ತೆಲ್ಲ ಒಂದು ಅಂತಸ್ತು ಮೇಲೆ ಹೋಗಿರುತ್ತದೆ. ನೀರುಕಾಗೆಯೊಂದು ಪಕ್ಕದಲ್ಲಿ ಮುಳುಗಿ ಎಲ್ಲೋ ದೂರದಲ್ಲಿ ಎದ್ದಿತು. ಹೊತ್ತು ಹೋಗುತ್ತಿದೆ, ಏನಾದರೂ ಮಾಡಬೇಕು ಎನಿಸಿತು. ಮಾಡಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ಕೊನೆಗೆ ಹತ್ತಿರ ತೇಲುತ್ತಿದ್ದ ಗುಟ್ಕಾ ಚೀಟುಗಳನ್ನು ಹೆಕ್ಕಿ ಜಾಕೆಟ್ಟಿಗೆ ಸಿಕ್ಕಿಸಿಕೊಂಡೆ. ಕೋಪನ್‌ಹೇಗನ್ನಿನಲ್ಲಿ ಕಾಲುವೆಯ ಕಸ ಹೆಕ್ಕಿ ತರುವವರಿಗೆ ಕಯಾಕು ಬಾಡಿಗೆಯಿಲ್ಲದೆ ಕೊಡುತ್ತಾರಂತೆ. ಅವರಿಗೂ ಸುಮ್ಮನೆ ತೇಲಲಿಕ್ಕೆ ಸಂಕೋಚವಾಗುತ್ತದೆಂದು ಕಾಣುತ್ತದೆ.

ದಂಡೆಗೆ ಬಂದಾಗ ಬಟ್ಟೆ ಒಗೆಯುತ್ತಿದ್ದ ತಾಂಡಾದ ಹೆಣ್ಣುಮಗಳು ಕೇಳಿದಳು, “ಮೀನ ಸಿಕ್ಕವೇನ್ರೀ ಅಣ್ಣ?”

“ಇಲ್ಲವ್ವ, ಮೀನಿಗಿ ಹೋಗಿರ್ಲಿಲ್ಲ.”

“ಮತ್ಯಾಕ ಹೋಗಿದ್ರಿ? ಇವರು ರೊಕ್ಕ ಕೊಡ್ತಾರೇನು?”

“ನಾವೇ ಅವರಿಗಿ ಕೊಟ್ಟೀವಿ.”

ಅವಳು ಒಗೆಯುವುದು ಬಿಟ್ಟು ಪಕ್ಕದವಳಿಗೆ ಅವರ ಮಾತಿನಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕ ನಗು ಆಚೆ ದಡಕ್ಕೆ ಕೇಳಿರಬೇಕು. ಕಲಿಸುವ ಹುಡುಗ ನಾಚಿ ಬೇರೆ ಕಡೆ ನೋಡಿದ. ಅವಳು ಅವನ ಚಿಕ್ಕಮ್ಮನಂತೆ.

ಊಟದ ಹೊತ್ತಿಗೆ ಕಾಕಾಗೆ ಹೊಸ ಹುರುಪು ಬಂದಿತ್ತು. ಮಳಖೇಡದ ಕೋಟೆಯ ಬುಡದಲ್ಲಿ ದೋಣಿ ಇಳಿಸಿ ಕಾಗಿಣಾ ಹಿಡಿದು ಭೀಮೆ ಕೂಡುವ ಹೊನಗುಂಟಾ ಸಂಗಮದ ತನಕ ಹೋಗಬಹುದಲ್ಲ ಎಂದರು. ಹುಡುಗ ಜೋಳದ ರೊಟ್ಟಿ ಮುರಿಯುತ್ತ ಲೆಕ್ಕ ಹಾಕಿದ. ಮಳೆಗಾಲದಾಗ ಹೋದ್ರ ಹೊಳಿ ಒಯ್ತದ, ಬ್ಯಾಸಗಿಯಾಗ ಹೋದ್ರ ನಾವೇ ದೋಣಿ ಹೊರಬೇಕಾಗ್ತದ. ದೀಪಾವಳಿ ಮುಗಿದ ಮೇಲೆ ಒಂದಿಷ್ಟು ವಾರ ಬರೋಬರ್ ಇರುತ್ತದೆ. ನಡುವೆ ಬ್ಯಾರೇಜುಗಳು ಬರುತ್ತವೆ, ಅಲ್ಲಿ ದೋಣಿ ಎತ್ತಿ ದಾಟಿಸಬೇಕು. ಬಂಡೆ ಎಲ್ಲೆಲ್ಲಿವೆ ಎಂದು ಮೊದಲೇ ನಡೆದು ನೋಡಬೇಕು. “ಬಂಡಿ ನಾ ನೋಡ್ತೀನಿ, ಕಲ್ಲಿನ ಸುದ್ದಿ ನನಗ ಬಿಡು” ಎಂದರು ಕಾಕಾ. ಇಂಜಿನಿಯರು ರಜೆ ಹಾಕುವುದಾಗಿ ಹೇಳಿದರು. ದಂಡೋತಿಯ ಬಳಿ ಮಧ್ಯಾಹ್ನದ ಊಟ ಯಾರು ತರಬೇಕೆಂಬಲ್ಲಿಗೆ ಮಾತು ಬಂದು ನಿಂತಿದೆ. ಅಕ್ಕನ ಹೆಸರನ್ನು ನಾನು ಸೂಚಿಸಿದ್ದೇನೆ. ಸಂಗಮದ ಸ್ನಾನಕ್ಕೆ ಹೋಗುತ್ತಿದ್ದೇವೆ ಎಂದರೆ ಬುತ್ತಿ ಕಟ್ಟಲಿಕ್ಕೆ ಅವಳದೇನೂ ತಕರಾರಿರಲಾರದು.