ಪಣಜಿಯಲ್ಲಿ ಫಾರಿಯಾ ಪಾದ್ರಿಯ ದರ್ಶನ

ಕಾರವಾರದಿಂದ ಉತ್ತರಕ್ಕೆ ಹೊರಟವರು ಕಾಳೀ ನದಿಯನ್ನು ದಾಟಿ, ಪೋಳೆಂ ಎಂಬ ಗಡಿಯ ಊರನ್ನು ಹಿಂದಕ್ಕೆ ಹಾಕಿ, ಕಾಣಕೋಣದ ಗುಡ್ಡಗಳನ್ನು ಸುತ್ತಿ, ಮಡಗಾಂವದ ಮೇಲಿಂದ ಪಣಜಿಯನ್ನು ಸೇರುವರು. ಮೋಟಾರು ಬಸ್ಸಿನಲ್ಲಿ ಅರ್ಧ ದಿನಕ್ಕೂ ಕಡಿಮೆಯ ಪ್ರಯಾಣ. ಊರಿನ ಮುಂದೆ ಹರಿಯುವ ಮಾಂಡೋವಿಯು ನಮಗೆ ಅಪರಿಚಿತಳಲ್ಲ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಮಹದಾಯಿ ಎನ್ನಿಸಿಕೊಂಡವಳೇ ಇಲ್ಲಿ ಈ ಹೆಸರನ್ನು ತಳೆದಿರುವಳು. ನದಿಯ ದಡದಲ್ಲಿರುವ ಹಳೆಯ ಸಚಿವಾಲಯದ ಕಟ್ಟಡವೂ ಮೂಲದಲ್ಲಿ ವಿಜಾಪುರದ ಆದಿಲಶಾಹಿಯ ಅರಮನೆಯೇ ಆಗಿತ್ತು. ಅದರ ಪಕ್ಕದಲ್ಲಿರುವ ಒಂದು ಕಂಚಿನ ವಿಗ್ರಹವನ್ನು ನೋಡುವುದಕ್ಕೆಂದೇ ನಾವು ಕಳೆದ ಮಾಘಮಾಸದಲ್ಲಿ ನಮ್ಮ ಭಾವಮೈದುನರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು.

ನಿಲುವಂಗಿಯನ್ನು ಧರಿಸಿದ ಪಾದ್ರಿಯೊಬ್ಬನು ಮುಂದಕ್ಕೆ ಬಾಗಿ ಎರಡು ಕೈಗಳನ್ನೂ ಚಾಚಿರುವನು. ಅವನ ಕೈಗಳ ಕೆಳಗೆ ಸ್ತ್ರೀಯೊಬ್ಬಳು ಮೈಮರೆತು ಹಿಂದಕ್ಕೆ ಒರಗಿರುವಳು. ರಾಮಚಂದ್ರ ಪಾಂಡುರಂಗ ಕಾಮತ್ ಎಂಬ ಗೋವೆಯ ಶಿಲ್ಪಿಯು ಮಾಡಿದ ಈ ವಿಗ್ರಹವನ್ನು 1945ರಲ್ಲಿ ಸ್ಥಾಪಿಸಿದರು. ಪಾದ್ರಿಯ ಹೆಸರು ಜೋಸೆ ಕುಸ್ಟೋಡಿಯೋ ದ ಫಾರಿಯಾ. ಜನರ ಬಾಯಲ್ಲಿ ಅಬ್ಬೆ ಫಾರಿಯಾ. ಡ್ಯೂಮಾ ಎಂಬ ಫ್ರೆಂಚ್ ಕಾದಂಬರಿಕಾರನ ಕಥೆಯಲ್ಲಿ ಸೆರೆಮನೆಯ ಗೋಡೆಯನ್ನು ಕೊರೆಯುವ ಮುದುಕ ಪಾದ್ರಿಗೆ ಇದೇ ಹೆಸರಿರುವುದನ್ನು ವಾಚಕರಲ್ಲಿ ಕೆಲವರು ಬಲ್ಲರು. ಕಥೆಯ ಪಾದ್ರಿ ಕಲ್ಪಿತನು. ಈತನು ನಿಜವಾಗಿ ಬಾಳಿದವನು.

1756ರಲ್ಲಿ ಬಾರ್ದೇಶದ ಕಾಂದೋಳಿಯಲ್ಲಿ ಈತನ ಜನನ. ತಂದೆತಾಯಿಗಳು ಬೇರೆಯಾಗಿ, ತಾಯಿ ಸನ್ಯಾಸಿನಿಯಾದಳು, ತಂದೆ ಪಾದ್ರಿಯಾದನು. 1771ರಲ್ಲಿ ತಂದೆಯೊಡನೆ ಹಡಗನ್ನು ಹತ್ತಿದ ಹುಡುಗನು ರೋಮಿನಲ್ಲಿ ವಿದ್ಯೆಯನ್ನು ಮುಗಿಸಿದನು. ಗೋವೆಯವರು ಒಂದು ಕಥೆ ಹೇಳುವರು. ಪೋರ್ಚುಗಲ್ಲಿನ ರಾಣಿಯ ಸಮ್ಮುಖದಲ್ಲಿ ಉಪನ್ಯಾಸಕ್ಕೆ ನಿಂತ ಫಾರಿಯಾಗೆ ನಾಲಗೆಯೇ ಏಳದಂತಾಯಿತಂತೆ. ಹತ್ತಿರದಲ್ಲಿದ್ದ ತಂದೆ ಕೊಂಕಣಿಯಲ್ಲಿ, ಇವರೆಲ್ಲ ಬರಿಯ ಕಾಯಿಪಲ್ಲೆ, ಹೆಚ್ಚು ಮಗನೆ ಎಂದು ಪಿಸುಗುಟ್ಟಿದನಂತೆ. ಆ ಕ್ಷಣದಲ್ಲಿಯೇ ಭಯವು ಹಾರಿಹೋಗಿ ಮಾತು ಹೊಳೆಯಂತೆ ಹರಿಯಿತಂತೆ. ಇದು ನಡೆದದ್ದೋ ಕಟ್ಟಿದ್ದೋ, ಅದರಲ್ಲಿರುವ ಅನುಭವವು ಸುಳ್ಳಲ್ಲ. ಪರೀಕ್ಷೆಯ ಬಾಗಿಲಲ್ಲಿ ನಡುಗುವ ಮಗುವಿಗೆ ಅದರ ಮನೆಯ ಮಾತಿನಲ್ಲಿ ಒಂದು ನುಡಿಯನ್ನು ಹೇಳಿದರೆ ಆಗುವ ಬದಲಾವಣೆಯನ್ನು ಉಪಾಧ್ಯಾಯ ವೃತ್ತಿಯಲ್ಲಿದ್ದಷ್ಟು ಕಾಲವೂ ನಾವು ಕಂಡಿರುವೆವು.

1813ರಲ್ಲಿ ಪ್ಯಾರಿಸಿನಲ್ಲಿ ಫಾರಿಯಾ ಸಾರ್ವಜನಿಕ ಪ್ರಯೋಗಗಳನ್ನು ಆರಂಭಿಸಿದನು. ಅದಕ್ಕೆ ಮೊದಲು ಅಲ್ಲಿ ಮೆಸ್ಮರ್ ಎಂಬ ವೈದ್ಯನ ಮತವು ಹಬ್ಬಿದ್ದಿತು. ವೈದ್ಯನ ದೇಹದಿಂದ ರೋಗಿಯ ದೇಹಕ್ಕೆ ಕಾಂತದಂತಹ ಒಂದು ಸೂಕ್ಷ್ಮ ದ್ರವವು ಹರಿಯುವುದೆಂದು ಅವನ ವಾದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಮಂಡಲಿಯು, ಅದರಲ್ಲಿ ಫ್ರಾಂಕ್ಲಿನ್ನನೂ ಲವ್ವಾಸಿಯೇಯೂ ಇದ್ದರು, ಅಂತಹ ದ್ರವವಿಲ್ಲ, ಎಲ್ಲವೂ ಕಲ್ಪನೆಯ ಕಾರ್ಯವೆಂದು ತೀರ್ಪಿತ್ತಿತು. ಕಲ್ಪನೆಯೆಂದರೆ ಆಯಿತೆ? ಕಲ್ಪನೆಯಿಂದ ನೋವು ಹೋಗುವುದಾದರೆ ಅದು ಹೇಗೆ ಹೋಗುವುದು? ಈ ಪ್ರಶ್ನೆಯನ್ನು ಫಾರಿಯಾ ಕೈಗೆತ್ತಿಕೊಂಡನು. ಅವನು ರೋಗಿಯನ್ನು ಸುಖವಾಗಿ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ನಿದ್ರೆಯನ್ನೇ ಚಿಂತಿಸೆಂದು ಹೇಳಿ, ಆಮೇಲೆ ಗಟ್ಟಿಯಾಗಿ, ನಿದ್ರಿಸು ಎಂದು ಆಜ್ಞಾಪಿಸುವನು. ಹಲವರಿಗೆ ಎಚ್ಚರವುಳ್ಳ ಒಂದು ವಿಚಿತ್ರ ನಿದ್ರೆಯು ಬರುವುದು. ಕೆಲವರಿಗೆ ಏನೂ ಆಗದು. ತನ್ನಿಂದ ಏನೂ ಹರಿಯಲಿಲ್ಲ, ನಿದ್ರಿಸುವವನ ಏಕಾಗ್ರತೆಯೇ ನಿದ್ರೆಗೆ ಕಾರಣ ಎಂದು ಅವನು ಸಾರಿದನು. 1816ರಲ್ಲಿ ಅಲ್ಲಿಯ ನಾಟಕಶಾಲೆಯಲ್ಲಿ ಅವನನ್ನು ಹಾಸ್ಯ ಮಾಡಿ ಆಡಿದರು, ಪ್ರಯೋಗಗಳು ನಿಂತವು. 1819ರಲ್ಲಿ ತನ್ನ ಗ್ರಂಥವು ಹೊರಬಿದ್ದ ವರ್ಷವೇ ಅವನು ತೀರಿಕೊಂಡನು.

ಈಗ ವಿಗ್ರಹವನ್ನು ಮತ್ತೊಮ್ಮೆ ನೋಡಬೇಕು. ಶಿಲ್ಪದ ಸೊಗಸಿನಲ್ಲಿ ಕೊರತೆಯಿಲ್ಲ. ಆದರೆ ಆ ಚಾಚಿದ ಕೈಗಳು ಹೇಳುವುದು ಮೆಸ್ಮರನ ಮತವನ್ನೇ ಹೊರತು ಫಾರಿಯಾನ ಮತವನ್ನಲ್ಲ! ಬೆರಳುಗಳಿಂದ ಏನೋ ಇಳಿದು ಆ ಸ್ತ್ರೀಯನ್ನು ಕೆಡವಿತೆಂದೇ ನೋಡುವವರಿಗೆ ತೋರುವುದು. ಯಾವ ಭ್ರಮೆಯನ್ನು ಕಳೆಯಲು ಅವನು ಅಪಹಾಸ್ಯಕ್ಕೆ ಗುರಿಯಾದನೋ ಅದೇ ಭ್ರಮೆಯನ್ನು ಅವನ ಊರಿನವರು ಕಂಚಿನಲ್ಲಿ ಎರೆದು ನಿಲ್ಲಿಸಿರುವರು.

ಈ ಭ್ರಮೆಯಿಂದ ನಮ್ಮ ಕುಟುಂಬದಲ್ಲಿ ಒಂದು ತೊಡಕುಂಟಾಗಿತ್ತು. ಭಾವಮೈದುನರಿಗೆ ಆರು ವರ್ಷಗಳಿಂದ ಹೊಟ್ಟೆನೋವು. ಊಟವಾದ ಗಳಿಗೆಗೆ ಕರುಳು ಹಿಂಡಿದಂತಾಗುವುದು, ರಾತ್ರಿ ಎರಡು ಸಲ ಏಳಬೇಕಾಗುವುದು. ಎಲ್ಲ ಪರೀಕ್ಷೆಗಳೂ ಆಗಿ, ಹುಣ್ಣಿಲ್ಲ, ಗಂಟಿಲ್ಲ, ಕರುಳಿನ ಕೆರಳುವಿಕೆ ಮಾತ್ರ ಎಂದು ವೈದ್ಯರು ಹೇಳಿ, ಔಷಧಗಳಿಂದ ಗುಣ ಕಾಣದಿರಲು, ಸಮ್ಮೋಹನ ಚಿಕಿತ್ಸೆಯನ್ನು ಸೂಚಿಸಿದರು. ಅವರ ಮನೆಯವರು ಅದನ್ನು ಕೇಳಿ ಕಣ್ಣೀರಿಟ್ಟರು. ವಶೀಕರಣ ಮಾಡಿಸಿಕೊಂಡು ಬಂದವನು ನನ್ನ ಗಂಡನಾಗಿ ಉಳಿಯುವನೆ, ಬೇಕಾದರೆ ಮನೆಯಲ್ಲಿ ಧ್ಯಾನ ಮಾಡಲಿ ಎಂದು ಆಕೆಯ ಹಟ.

ವಿಗ್ರಹದ ಎದುರಿಗೆ ನಿಂತು ಭಾವಮೈದುನರು, "ಭಾವ, ನಾನೂ ಹೀಗೆಯೇ ಬೀಳಬೇಕೆ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಕೈ ಹೊಟ್ಟೆಯ ಮೇಲಿತ್ತು.

ದೋಷದಲ್ಲಿ ಅರ್ಧ ಪಾಲು ಹೆಸರಿನದು. ಸಮ್ಮೋಹನವೆಂಬುದು ನಮ್ಮಲ್ಲಿ ಮನ್ಮಥನ ಐದು ಬಾಣಗಳಲ್ಲಿ ಒಂದರ ಹೆಸರು. ಮುಹ್ ಧಾತುವಿಗೆ ಬುದ್ಧಿ ಕಲಂಕುವುದೆಂದು ಅರ್ಥ. ಇಂತಹ ಹೆಸರನ್ನು ಚಿಕಿತ್ಸೆಗೆ ಕಟ್ಟಿದರೆ ಗೃಹಿಣಿ ಹೆದರದೆ ಏನು ಮಾಡಿಯಾಳು? ಪಾಶ್ಚಾತ್ಯರ ಹೆಸರೂ ಸರಿಯಿಲ್ಲ. ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯನು 1843ರ ತನ್ನ ಗ್ರಂಥದಲ್ಲಿ ನಿದ್ರೆಯೆಂಬರ್ಥದ ಗ್ರೀಕ್ ಪದದಿಂದ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದನು. ಕೆಲವೇ ವರ್ಷಗಳಲ್ಲಿ ಅವನಿಗೇ ಅದು ಒಪ್ಪಿಗೆಯಾಗದೆ, ಒಂದೇ ಭಾವನೆಯಲ್ಲಿ ನಿಲ್ಲುವುದೆಂಬರ್ಥದ ಬೇರೆ ಹೆಸರನ್ನು ಸೂಚಿಸಿದನು. ಅದು ನಿದ್ರೆಯಲ್ಲ. ಆ ಸ್ಥಿತಿಯಲ್ಲಿರುವವನು ಕೇಳುತ್ತಿರುವನು, ಉತ್ತರಿಸುವನು, ಒಲ್ಲೆನೆನ್ನಲೂ ಬಲ್ಲನು.

ಏಕಾಗ್ರತೆಯೇ ಕಾರಣವಾದರೆ ಧ್ಯಾನಕ್ಕೂ ಇದಕ್ಕೂ ಭೇದವೇನು? ಯೋಗಶಾಸ್ತ್ರದಲ್ಲಿ ಚಿತ್ತವನ್ನು ಒಂದೆಡೆ ಕಟ್ಟುವುದು ಧಾರಣೆ. ಆ ಒಂದೇ ಅರಿವು ಎಣ್ಣೆಯ ಧಾರೆಯಂತೆ ಕಡಿಯದೆ ಹರಿದರೆ ಧ್ಯಾನ. ಧಾರಣೆಯವರೆಗೆ ಎರಡು ದಾರಿಗಳೂ ಅಕ್ಕಪಕ್ಕದಲ್ಲಿಯೇ ಸಾಗುವುವೆಂದು ನಮಗೆ ತೋರುತ್ತದೆ. ಮುಂದೆ ಅಗಲುವುವು. ಪತಂಜಲಿಯು ನಿದ್ರೆಯನ್ನೂ ಅಡಗಿಸತಕ್ಕ ಐದು ವೃತ್ತಿಗಳಲ್ಲಿ ಎಣಿಸಿರುವನು; ವೇದಾಂತಿಗಳು ಜಡವಾಗಿ ಲಯ ಹೊಂದುವುದನ್ನು ವಿಘ್ನವೆಂದೇ ಗಣಿಸಿರುವರು. ಧ್ಯಾನಿಗೆ ಹೊರಗಿನಿಂದ ಆಜ್ಞೆಯಿಲ್ಲ. ಬಂದ ಭಾವನೆ ಬಂದಿತೆಂದೂ ಹೋದದ್ದು ಹೋಯಿತೆಂದೂ ನೋಡುವುದೇ ಅವನ ಕೆಲಸ. ಸಮ್ಮೋಹಿತನು ಮಾತ್ರ ತನ್ನ ಏಕಾಗ್ರತೆಯನ್ನು ಸ್ವಲ್ಪ ಹೊತ್ತು ಇನ್ನೊಬ್ಬನ ಮಾತಿಗೆ ಎರವಲಾಗಿ ಕೊಡುವನು, ಅದೂ ಒಂದು ಗೊತ್ತಾದ ಕಾರ್ಯಕ್ಕಾಗಿ. ಕರುಳು ಶಾಂತವಾಗಿ ಹರಿಯುವ ಹೊಳೆಯಂತಾಗಲಿ ಎಂದು ವೈದ್ಯನು ಹೇಳಿದರೆ ಆ ಚಿತ್ರದಲ್ಲಿ ರೋಗಿಯು ತೊಡಗುವನು. ವ್ಯಾಧಿಯೊಂದನ್ನು ಗುರಿಯಿಟ್ಟು ಹೊಡೆಯುವ ಔಷಧಕ್ಕೆ ಇದು ಸಮೀಪ. ಧ್ಯಾನವು ಪಥ್ಯಕ್ಕೆ ಸಮೀಪ.

ಇದಕ್ಕೆ ಪ್ರಮಾಣವೂ ಉಂಟು. ಅದೇ ಮ್ಯಾಂಚೆಸ್ಟರಿನಲ್ಲಿ ವೋರ್ವೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ, ಬೇರೆ ಉಪಚಾರಗಳಿಂದ ಗುಣಹೊಂದದ 30 ಮಂದಿ ಕರುಳುಬೇನೆಯವರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ, ಸಮ್ಮೋಹನವನ್ನು ಪಡೆದವರಲ್ಲಿ ಹೆಚ್ಚಿನ ಗುಣವನ್ನು ಕಂಡು 1984ರಲ್ಲಿ ಪ್ರಕಟಿಸಿದರು. ಧ್ಯಾನದ ಕಡೆಗೆ ನೋಡಿದರೆ, 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಜಿನ್ ಎಂಬವರು ದೀರ್ಘಕಾಲದ ನೋವುಳ್ಳವರಿಗೆ ಬೌದ್ಧರ ಸ್ಮೃತಿಸಾಧನೆಯನ್ನು ಕೆಲವು ವಾರಗಳ ಪಾಠವಾಗಿ ಕಲಿಸತೊಡಗಿದರು. ಪುನಃಪುನಃ ಮರಳುವ ಖಿನ್ನತೆಯನ್ನು ತಡೆಯುವುದಕ್ಕೆ ಅದರಿಂದ ಬೆಳೆದ ಕ್ರಮವು ಈಗ ವೈದ್ಯರ ಮನ್ನಣೆ ಪಡೆದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಔಷಧೋಪಚಾರದ ಜೊತೆಗೆ ಯೋಗಚಿಕಿತ್ಸೆ ನಡೆಯುತ್ತಿರುವುದು.

ಧ್ಯಾನದಿಂದ ಯಾರಿಗೂ ಕೇಡಿಲ್ಲವೆಂಬ ನಂಬಿಕೆಯನ್ನು ಮಾತ್ರ ನಾವು ಒಪ್ಪಲಾರೆವು. ದಿನಗಟ್ಟಲೆ ಮೌನವಾಗಿ ಕುಳಿತು ಚಿತ್ತ ಕೆಟ್ಟವರುಂಟು. ಬುದ್ಧಿಭ್ರಮಣೆಯ ಇತಿಹಾಸವುಳ್ಳವರು ಈ ಎರಡನ್ನೂ ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು. ಸಮ್ಮೋಹನದಲ್ಲಿ ಮರೆತ ಸಂಗತಿಗಳನ್ನೂ ಹಿಂದಿನ ಜನ್ಮವನ್ನೂ ಹೊರತೆಗೆಯುವೆವೆನ್ನುವವರಿಂದ ದೂರವಿರಬೇಕು. ಆ ಸ್ಥಿತಿಯಲ್ಲಿ ಇಲ್ಲದ ನೆನಪೂ ಇದ್ದಂತೆ ಹುಟ್ಟುವುದು. ಮದುವೆ ಮಂಟಪದಲ್ಲಿ ಜನರನ್ನು ಕುಣಿಸುವ ಜಾದೂಗಾರನು ವೈದ್ಯನಲ್ಲ.

ಇದನ್ನೆಲ್ಲ ನಾವು ಮಾಂಡೋವಿಯ ದಡದ ಕಟ್ಟೆಯ ಮೇಲೆ ಕುಳಿತು ವಿವರಿಸಿದೆವು. ಭಾವಮೈದುನರು ಎಲ್ಲವನ್ನೂ ಕೇಳಿ, "ಹಾಗಾದರೆ ಭಾವ, ಅವಳನ್ನೂ ಕೋಣೆಯೊಳಗೆ ಕೂರಿಸಿಕೊಳ್ಳುವರೆ ಎಂದು ವೈದ್ಯರನ್ನು ಕೇಳೋಣ" ಎಂದರು. ವೈದ್ಯರು ಒಪ್ಪಿದರು. ವಾರಕ್ಕೊಂದರಂತೆ ಹತ್ತು ಸಲ ಚಿಕಿತ್ಸೆಯಾಯಿತು. ಮೊದಲನೆಯ ದಿನ ಆಕೆ ಕುಂಕುಮದ ಭರಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಗಂಡನು ನಡುವೆ ಕೆಮ್ಮಿದ್ದನ್ನೂ ಮೂಗು ತುರಿಸಿಕೊಂಡದ್ದನ್ನೂ ಕಂಡು ಧೈರ್ಯ ತಂದುಕೊಂಡರಂತೆ. ನೋವು ಪೂರಾ ಹೋಗಿಲ್ಲ. ರಾತ್ರಿ ಏಳುವುದು ನಿಂತಿದೆ. ಹಬ್ಬದ ದಿನ ಹಲಸಿನ ಹಣ್ಣಿನ ಕಡುಬನ್ನು ಎರಡು ತಿಂದರೆಂದು ಬರೆದಿರುವರು. ಬೆಳಗ್ಗೆ ಇಪ್ಪತ್ತು ನಿಮಿಷ ಇಬ್ಬರೂ ಕಣ್ಣು ಮುಚ್ಚಿ ಕೂರುವರಂತೆ. ಅದು ಆಕೆಯ ಏರ್ಪಾಡು.