ಮನೆಯ ಮೇಲಣ ಬಿಸಿಲು

ಬಿಸಿಲು ಬೇಡಿ ಪಡೆಯುವ ವಸ್ತುವಲ್ಲ; ಬಡವನ ಅಂಗಳಕ್ಕೂ ಧನಿಕನ ಉಪ್ಪರಿಗೆಗೂ ಅದು ಒಂದೇ ಸಮನಾಗಿ ಬೀಳುತ್ತದೆ. ಕನ್ನಡ ನಾಡಿನ ಗೃಹಿಣಿಯರು ಅದರ ಉಪಯೋಗವನ್ನು ಯಾವ ಶಾಸ್ತ್ರಗ್ರಂಥದಿಂದಲೂ ಕಲಿತವರಲ್ಲ. ಹಪ್ಪಳ ಸಂಡಿಗೆಗಳನ್ನು ಒಣಗಿಸುವುದು, ಮೆಣಸಿನಕಾಯಿಯನ್ನು ಹರಡುವುದು, ಮಳೆಗಾಲಕ್ಕೆ ಮುಂಚೆ ಹಾಸಿಗೆಗಳಿಗೆ ಬಿಸಿಲು ತೋರಿಸುವುದು ಇವೆಲ್ಲವೂ ಸೂರ್ಯಶಕ್ತಿಯ ವಿನಿಯೋಗವೇ ಸರಿ. ಈಗ ಅದೇ ಬಿಸಿಲನ್ನು ಯಂತ್ರದ ಮೂಲಕ ಮನೆಯೊಳಕ್ಕೆ ಇಳಿಸಿಕೊಳ್ಳುವ ಕಾಲ ಬಂದಿದೆ. ಬಿಸಿಲಿಗೆ ಬೆಲೆಯಿಲ್ಲ, ಅದನ್ನು ಹಿಡಿಯುವ ಪಾತ್ರೆಗೆ ಬೆಲೆಯುಂಟು. ಆ ಪಾತ್ರೆಯನ್ನು ಆರಿಸುವಲ್ಲಿಯೇ ಗೃಹಸ್ಥನಿಗೆ ತೊಡಕು.

ಈ ತೊಡಕಿಗೆ ಮುಖ್ಯ ಕಾರಣ ಒಂದು ಶಬ್ದ. ಅಂಗಡಿಯಲ್ಲಿಯೂ ನೆರೆಹೊರೆಯಲ್ಲಿಯೂ ‘ಸೋಲಾರ್’ ಎಂಬ ಒಂದೇ ಹೆಸರು ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತಿದೆ: ನೀರು ಕಾಯಿಸುವ ಯಂತ್ರ, ವಿದ್ಯುತ್ತನ್ನು ಹುಟ್ಟಿಸಿ ಸರಬರಾಜಿನ ತಂತಿಗೆ ಕೂಡಿಸುವ ಫಲಕ, ಹಗಲಿನ ಶಕ್ತಿಯನ್ನು ರಾತ್ರಿಗೆ ಕಾದಿಡುವ ಬ್ಯಾಟರಿಯ ಏರ್ಪಾಡು. ಮಲೆನಾಡಿನ ಅಂಚಿನ ಊರೊಂದರಲ್ಲಿ ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಗೃಹಸ್ಥನೊಬ್ಬನನ್ನು ಭಾವಿಸಿಕೊಳ್ಳಬಹುದು. ಭವಿಷ್ಯನಿಧಿಯಿಂದ ಬಂದ ಹಣದಲ್ಲಿ ಒಂದು ಭಾಗವನ್ನು ಇದಕ್ಕಾಗಿ ವ್ಯಯಮಾಡಲು ಅವನು ಸಿದ್ಧನಿದ್ದಾನೆ. ಎಂಬತ್ತು ದಾಟಿದ ತಾಯಿಗೆ ಬೆಳಗಿನ ಜಾವ ಬಿಸಿನೀರು ಬೇಕು. ಪರೀಕ್ಷೆಗೆ ಓದುವ ಮೊಮ್ಮಗಳಿಗೆ ಕರೆಂಟು ಹೋದ ರಾತ್ರಿಯಲ್ಲಿ ದೀಪ ಬೇಕು. ಅವನಿಗೋ ತಿಂಗಳ ಬಿಲ್ಲು ಇಳಿಯಬೇಕು. ಒಂದೇ ಯಂತ್ರ ಈ ಮೂರನ್ನೂ ನಡೆಸೀತೆಂದು ನಂಬಿದರೆ, ಹಣ ಕೈಬಿಟ್ಟ ಮೇಲೆ ಮೂವರಲ್ಲಿ ಇಬ್ಬರಾದರೂ ನಿರಾಶರಾಗುವುದು ಖಂಡಿತ.

ಮೊದಲನೆಯದು ನೀರಿನ ವಿಚಾರ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲಿನ ಶಾಖವನ್ನು ಸೆರೆಹಿಡಿಯಬಹುದೆಂಬುದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1767ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದನು. ಇಂದಿನ ಯಂತ್ರ ಆ ಪೆಟ್ಟಿಗೆಯ ವಂಶದ್ದೇ. ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪಿನ ಹಂಗಿಲ್ಲ. “ಮಗೂ, ನಾನು ಮೀಯುವುದು ಸೂರ್ಯ ಹುಟ್ಟುವುದಕ್ಕೆ ಮುಂಚೆ” ಎಂದು ತಾಯಿ ಸಂಶಯಪಟ್ಟರೆ ಅದಕ್ಕೂ ಉತ್ತರವುಂಟು: ಶಾಖ ಸೋರದಂತೆ ಕಟ್ಟಿದ ತೊಟ್ಟಿಯಲ್ಲಿ ನಿನ್ನೆಯ ಬಿಸಿಲು ಇಂದಿನ ಬೆಳಗಿಗೆ ಉಳಿದಿರುತ್ತದೆ. ತಾಮ್ರದ ಕೊಳವೆಗಳುಳ್ಳ ಚಪ್ಪಟೆ ಪೆಟ್ಟಿಗೆ ಗಟ್ಟಿಯಾದುದು, ಬೆಲೆ ಹೆಚ್ಚು. ಕೊಳವೆಬಾವಿಯ ಗಡಸು ನೀರಿನಿಂದ ಅದರೊಳಗೆ ಸುಣ್ಣ ಕಟ್ಟುವ ಭಯವುಂಟು. ಎರಡು ಪದರಗಳ ನಡುವೆ ಗಾಳಿ ತೆಗೆದ ಗಾಜಿನ ಕೊಳವೆಗಳದು ಅಗ್ಗ. ಚಳಿಗಾಳಿಯಲ್ಲಿಯೂ ಶಾಖ ಬಿಡದು. ಆದರೆ ಕೋತಿಗಳ ಹಾವಳಿಯಿರುವಲ್ಲಿ ಗಾಜು ಗಾಜೇ. ಒಡೆದ ಕೊಳವೆಯೊಂದನ್ನೇ ಬದಲಾಯಿಸಬಹುದೆಂಬುದು ಸಮಾಧಾನ.

100 ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ವಿದ್ಯುತ್ತಾದರೆ ಸುಮಾರು 4.6 ಯೂನಿಟ್ ವೆಚ್ಚವಾಗುತ್ತದೆ. ಒಂದು ಕಿಲೋವಾಟಿನ ವಿದ್ಯುತ್ ಫಲಕಗಳು ಸುಮಾರು 100 ಚದರ ಅಡಿ ಸ್ಥಳವನ್ನು ಆಕ್ರಮಿಸಿ ಒಳ್ಳೆಯ ಬಿಸಿಲಿನ ದಿನ ಹುಟ್ಟಿಸುವುದು ಸುಮಾರು 4 ಯೂನಿಟ್. ಶಾಖವನ್ನು ಶಾಖವಾಗಿಯೇ ಹಿಡಿಯುವುದು ಸುಲಭ. ಅದಕ್ಕಾಗಿ ಬಿಸಿಲನ್ನು ವಿದ್ಯುತ್ತಾಗಿಸಿ ಮತ್ತೆ ಗೀಸರಿನಲ್ಲಿ ಶಾಖವಾಗಿಸುವುದು ಸುತ್ತುದಾರಿ.

ಇನ್ನು ವಿದ್ಯುತ್ತಿನ ವಿಚಾರ. ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕೆರೆಲ್ 1839ರಲ್ಲಿ ಕಂಡನು. ಬಳಕೆಗೆ ತಕ್ಕ ಸಿಲಿಕಾನ್ ಕೋಶ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1954ರಲ್ಲಿ ಸಿದ್ಧವಾಯಿತು. ಅಂಥ ಫಲಕಗಳನ್ನು ಸರಬರಾಜಿನ ತಂತಿಗೆ ಕೂಡಿಸಿದರೆ, ಹಗಲು ಮಿಕ್ಕ ವಿದ್ಯುತ್ತು ಹೊರಕ್ಕೆ ಹರಿದು ಮೀಟರಿನಲ್ಲಿ ಲೆಕ್ಕಕ್ಕೆ ಸೇರುತ್ತದೆ. ಬಿಲ್ಲನ್ನು ಇಳಿಸಲು ಇದು ಉತ್ತಮ ಮಾರ್ಗ. ಆದರೆ ಊರಿನ ಕರೆಂಟು ಹೋದೊಡನೆ ಬ್ಯಾಟರಿಯಿಲ್ಲದ ಈ ಏರ್ಪಾಡು ನಡುಹಗಲಿನಲ್ಲಿಯೂ ನಿಂತುಹೋಗುತ್ತದೆ. ಇದು ದೋಷವಲ್ಲ, ಸತ್ತ ತಂತಿಯೆಂದು ತಿಳಿದು ಕಂಬ ಹತ್ತಿದ ಲೈನ್‌ಮನ್ನನ ಪ್ರಾಣ ಉಳಿಯಲೆಂದೇ ಮಾಡಿದ ನಿಯಮ. ಇದನ್ನರಿಯದೆ ಲಕ್ಷಾಂತರ ರೂಪಾಯಿ ತೆತ್ತು, ಮಳೆಗಾಲದ ರಾತ್ರಿ ಮೇಣದ ಬತ್ತಿ ಹುಡುಕುವ ಮನೆ ಪರಿತಪಿಸುವುದು ಸಹಜ.

ಕತ್ತಲೆಗೆ ಮದ್ದು ಬ್ಯಾಟರಿ. ಆದರೆ ಫಲಕ ಇಪ್ಪತ್ತೈದು ವರ್ಷ ಬಾಳಿದರೆ, ಸೀಸ ಮತ್ತು ಆಮ್ಲದ ಬ್ಯಾಟರಿಯ ಆಯುಸ್ಸು ಅದರಲ್ಲಿ ಕೆಲವೇ ವರ್ಷ. ಲಿಥಿಯಮ್ಮಿನದು ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಇಡೀ ಮನೆಯನ್ನು ಅದರ ಮೇಲೆ ನಡೆಸುವುದು ದುಬಾರಿ. ನಾಲ್ಕು ದೀಪ, ಒಂದು ಫ್ಯಾನು ನಡೆಸುವುದು ಸುಲಭ. 1995ರಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಇಂಥ ಸಣ್ಣ ದೀಪದ ಏರ್ಪಾಡುಗಳನ್ನೇ ಒಯ್ದಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಅಗತ್ಯವನ್ನು ಅಳೆದು ಯಂತ್ರವನ್ನು ಹೊಂದಿಸಬೇಕೇ ಹೊರತು ಯಂತ್ರಕ್ಕೆ ಮನೆಯನ್ನು ಹೊಂದಿಸಬಾರದು.

ಸ್ಥಳವೂ ವಿಚಾರಾರ್ಹ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರವನ ಹರಡಿರುವ ಪಾವಗಡದ ಬಯಲಿನ ಲೆಕ್ಕ ಆಗುಂಬೆಯ ಮಳೆಗೆ ಒಪ್ಪದು. ಫಲಕ ದಕ್ಷಿಣಕ್ಕೆ ಓರೆಯಾಗಿರಬೇಕು. ತೆಂಗಿನ ಮರದ ನೆರಳು ಒಂದರ ಮೇಲೆ ಬಿದ್ದರೂ ಸಾಲಿನ ಉಳಿದವುಗಳ ಶಕ್ತಿ ಕುಗ್ಗಬಹುದು. 2024ರಲ್ಲಿ ಕೇಂದ್ರ ಸರ್ಕಾರದವರು ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವನ್ನು ಘೋಷಿಸಿದರು. ಅದಕ್ಕೆ ಹಿಂದಿನ ವರ್ಷ ರಾಜ್ಯ ಸರ್ಕಾರದ ಗೃಹಜ್ಯೋತಿ ಬಂದಿತ್ತು. ಬಿಲ್ಲೇ ಬಾರದ ಮನೆಗೆ ಬಿಲ್ಲನ್ನು ಇಳಿಸುವ ಯಂತ್ರದಿಂದ ಲಾಭ ಅಲ್ಪ. ಸಹಾಯಧನ ದೊರೆಯುವುದೆಂಬುದು ಕೊಳ್ಳಲು ಕಾರಣವಾಗದು. ಬೇಕಾದುದನ್ನು ಕೊಳ್ಳುವಾಗ ಅದು ಅನುಕೂಲವಾದೀತು. ತಾರಸಿಯೆಲ್ಲ ಫಲಕವಾದರೆ “ಸಂಡಿಗೆ ಎಲ್ಲಿ ಹಾಕಲಿ?” ಎಂದು ಮನೆಯಾಕೆ ಕೇಳುವ ಮಾತನ್ನೂ ಲೆಕ್ಕಕ್ಕೆ ಹಿಡಿಯುವುದು ವಿವೇಕ.

ಆ ಉಪಾಧ್ಯಾಯನ ಮನೆಗೆ ಮೊದಲು ನೀರಿನ ಯಂತ್ರ, ಅನಂತರ ಓದುವ ಕೋಣೆಗೆ ಸಣ್ಣ ಬ್ಯಾಟರಿ ಸಾಕು. ತಂತಿಗೆ ಕೂಡಿಸುವ ಫಲಕವು ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನಿಧಾನವಾಗಿ ತೀರ್ಮಾನಿಸಬಹುದಾದ ವಿಷಯ. ತಾಯಿಯ ಚಳಿ ಕಾಯುವುದಿಲ್ಲ, ಮೊಮ್ಮಗಳ ಪರೀಕ್ಷೆ ಕಾಯುವುದಿಲ್ಲ, ಬಿಲ್ಲು ಕಾಯುತ್ತದೆ. ಯಾವುದಕ್ಕೆ ತಾಳ್ಮೆಯಿಲ್ಲವೋ ಅದಕ್ಕೆ ಮೊದಲ ಹಣ ಸಲ್ಲಬೇಕು.